ಫ್ರೈಸಿಂಗ್ ಊರಿನ ಕರಡಿ ಮಗ್: ಮ್ಯಾಗ್ನೆಟ್ ತಗೊಳ್ಳಿ, ಮಗ್ ಬೇಡ

ಮ್ಯೂನಿಕ್ ಏರ್‌ಪೋರ್ಟ್ ಹತ್ರ ಫ್ರೈಸಿಂಗ್ ಅಂತ ಒಂದು ಸಣ್ಣ ಊರಿದೆ, ಎಸ್1 ಟ್ರೇನ್ ಹತ್ತಿದ್ರೆ ಸಿಟಿಯಿಂದ ಸೀದಾ ಅಲ್ಲೇ ಇಳೀಬಹುದು, ಬಿಯರ್ ಕುಡಿಯೋರಿಗಾದ್ರೆ ವೈಹೆನ್‌ಸ್ಟೆಫಾನ್ ಅನ್ನೋ ಬಿಯರ್ ತಯಾರಿಸೋ ಕಂಪನಿ ಇರೋ ಊರು ಅಂದ್ರೆ ಸಾಕು. ಅಲ್ಲಿ ಒಂದು ಗಿಫ್ಟ್ ಅಂಗಡೀಲಿ ಊರಿನ ಲಾಂಛನ ಇರೋ ಮಗ್ ತಗೊಂಡೆ, 12 ಯೂರೋ. ರೂಪಾಯಿಗೆ ಲೆಕ್ಕ ಹಾಕೋ ಚಟ ಇನ್ನೂ ಬಿಟ್ಟಿಲ್ಲ, ಆದ್ರೂ ತಗೊಂಡೆ, ಯಾಕಂದ್ರೆ ಆ ಚಿತ್ರ ಅಷ್ಟು ಇಷ್ಟ ಆಯ್ತು.

ಚಿತ್ರದಲ್ಲಿರೋದು ಒಂದು ಕರಡಿ, ಬೆನ್ನ ಮೇಲೆ ಕೆಂಪು ಗಂಟು. ಕಥೆ ಏನಂದ್ರೆ, 8ನೇ ಶತಮಾನದಲ್ಲಿ ಕೊರ್ಬಿನಿಯನ್ ಅನ್ನೋ ಬಿಷಪ್ ರೋಮಿಗೆ ಹೊರಟಿದ್ರಂತೆ, ದಾರೀಲಿ ಕಾಡಲ್ಲಿ ಕರಡಿ ಬಂದು ಅವರ ಸಾಮಾನು ಹೊತ್ತಿದ್ದ ಕುದುರೇನ ಕೊಂದು ಹಾಕ್ತಂತೆ. ಇವರು ಹೆದರ್ಲಿಲ್ಲ, ಕುದುರೆ ತಿಂದೋನು ನೀನೇ ತಾನೆ, ಹೊರು ಈಗ ನೀನೇ ಅಂತ ಗಂಟುಮೂಟೆ ಎಲ್ಲಾ ಕರಡಿ ಮೇಲೇ ಹೇರಿ ರೋಮ್ ತನಕ ನಡೆಸಿಕೊಂಡು ಹೋಗಿ, ಅಲ್ಲಿ ಬಿಟ್ಟು ಕಳಿಸಿದ್ರಂತೆ. ಕಾಡುತನಾನ ಧರ್ಮ ಪಳಗಿಸ್ತು ಅಂತ ಇದಕ್ಕೆ ಅರ್ಥ ಹೇಳ್ತಾರೆ. ಇಲ್ಲಿ ಆರ್ಚ್‌ಬಿಷಪ್ ಆಗಿದ್ದು ಆಮೇಲೆ 2005ರಲ್ಲಿ ಪೋಪ್ ಆದ 16ನೇ ಬೆನೆಡಿಕ್ಟ್ ತಮ್ಮ ಲಾಂಛನದಲ್ಲೂ ಇದೇ ಕರಡೀನ ಇಟ್ಕೊಂಡ್ರು, ತಾನೂ ದೇವರ ಹೇರು ಹೊರೋ ಪ್ರಾಣಿ ಅನ್ನೋ ಅರ್ಥದಲ್ಲಿ. ಪಾಪ, ಕರಡಿಗಾದ್ರೂ ರೋಮಲ್ಲಿ ಬಿಡುಗಡೆ ಸಿಕ್ತು, ಇವರಿಗೆ ಅಲ್ಲೇ ಕೆಲಸ ಹಚ್ಚಿದ್ರು. ನಂಗೆ ಮಾತ್ರ ಅದನ್ನ ನೋಡಿದ್ರೆ 23 ಕೆಜಿದು ಎರಡು ಸೂಟ್‌ಕೇಸು, ಅದರಲ್ಲಿ ಅಮ್ಮ ತುರುಕಿದ ಚಟ್ನಿಪುಡಿ ಸಮೇತ ಇದೇ ಏರ್‌ಪೋರ್ಟಲ್ಲಿ ಇಳಿದ ನಾನೇ ನೆನಪಾಗೋದು.

ಈಗ ಮಗ್ ವಿಷ್ಯ. ಸೈಜ್ ಚೆನ್ನಾಗಿದೆ, ಹಿಡಿ ಗಟ್ಟಿ, ನಮ್ಮ ಫಿಲ್ಟರ್ ಕಾಫಿಗೆ ದೊಡ್ಡದಾಯ್ತು ಬಿಡಿ. ಆದ್ರೆ ಡಿಶ್‌ವಾಷರ್‌ಗೆ ಮೂರು ಸಲ ಹಾಕಿದ್ದಷ್ಟೇ, ಕೆಂಪು ಬಣ್ಣ ಅಂಚಿಂದ ಎದ್ದು ಬರೋಕೆ ಶುರುವಾಯ್ತು, ಎರಡೇ ವಾರಕ್ಕೆ ಗಂಟು ಪೂರ್ತಿ ಮಾಯ, ಹೊಟ್ಟೆ ಸುತ್ತ ಕಟ್ಟಿದ್ದ ಪಟ್ಟಿ ಮಾತ್ರ ಉಳೀತು. ಕರಡಿಗೇನೂ ಆಗಿಲ್ಲ ಅನ್ನಿ, ಆದ್ರೆ ಗಂಟಿಲ್ದೆ ಅದು ಯಾವೂರಿನ ಕರಡಿ ಸ್ವಾಮಿ? ಬರ್ಲಿನ್ ಲಾಂಛನದಲ್ಲೂ ಕರಡಿ ಇದೆ. ಅಮ್ಮಂಗೆ ವಿಡಿಯೋ ಕಾಲಲ್ಲಿ ತೋರಿಸಿದ್ರೆ "ನಾಯಿ ಚಿತ್ರದ ಲೋಟಕ್ಕೆ ಅಷ್ಟು ದುಡ್ಡು ಕೊಟ್ಯೇನೋ" ಅಂದ್ಲು.

ವಾಪಸ್ ತಗೊಂಡೋಗಿ ಕೇಳಿದೆ. ಅಂಗಡಿಯವರು ಮಗ್ ತಿರುಗಿಸಿ ತಳದಲ್ಲಿದ್ದ ಇರುವೆ ಸಾಲಿನಂಥ ಜರ್ಮನ್ ಅಕ್ಷರ ತೋರಿಸಿದ್ರು, ಕೈಯಲ್ಲೇ ತೊಳೀಬೇಕಂತೆ. ದುಡ್ಡು ವಾಪಸ್ ಇಲ್ಲ. ಜಗಳ ಆಡೋವಷ್ಟು ಜರ್ಮನ್ ನಂಗೆ ಬರಲ್ಲ.

ಅದೇ ಅಂಗಡೀಲಿ 5 ಯೂರೋಗೆ ಲೋಹದ ಫ್ರಿಜ್ ಮ್ಯಾಗ್ನೆಟ್ ಇದೆ, ಅದರಲ್ಲಿ ಗಂಟು ಉಬ್ಬಾಗಿ ಅಚ್ಚೊತ್ತಿದೆ, ಉಗುರಲ್ಲಿ ಕೆರೆದು ನೋಡೇ ತಗೊಂಡೆ. ಮಗ್‌ಗೆ ಎರಡು ಸ್ಟಾರ್, ಮ್ಯಾಗ್ನೆಟ್‌ಗೆ ನಾಲ್ಕೂವರೆ. ಮಗ್ ಈಗ ಆಫೀಸಲ್ಲಿ ಪೆನ್ನು ಹೊರ್ತಾ ಇದೆ.