ಎನ್‌ಎಫ್‌ಎಸ್ ಮೇಲೆ ಎಸ್‌ಇ ಲಿನಕ್ಸ್ ಹಾಕುವ ಆ ಒಂದೇ ಲೇಬಲ್: ಸ್ಟುಡಿಯೋದಲ್ಲಿ ಬಳಸಿ ನೋಡಿದ ಮೇಲೆ

ಎಸ್‌ಇ ಲಿನಕ್ಸ್ ಅಂದರೇನು, ಎನ್‌ಎಫ್‌ಎಸ್ ಹಾಕುವುದು ಹೇಗೆ ಅಂತ ಹೇಳುವ ಬರಹಗಳು ಬೇಕಾದಷ್ಟು ಉಂಟು. ಅದನ್ನೇ ಮತ್ತೆ ಉದ್ದಕ್ಕೆ ಬರೆಯುವುದಿಲ್ಲ. ಚುಟುಕಾಗಿ, ಎಸ್‌ಇ ಲಿನಕ್ಸ್ ಅಂದರೆ ಪ್ರತಿ ಫೈಲಿಗೂ ಪ್ರೋಗ್ರಾಮಿಗೂ ಒಂದು ಲೇಬಲ್ ಅಂಟಿಸಿ, ಯಾರು ಯಾವುದನ್ನು ಮುಟ್ಟಬಹುದು ಅಂತ ನೋಡುವ ಲಿನಕ್ಸ್‌ನ ಕಾವಲು. ಎನ್‌ಎಫ್‌ಎಸ್ ಅಂದರೆ ಒಂದು ಯಂತ್ರದ ಫೋಲ್ಡರನ್ನು ನೆಟ್‌ವರ್ಕ್ ಮೂಲಕ ಇನ್ನೊಂದು ಯಂತ್ರದಲ್ಲಿ ಬಳಸುವ ವ್ಯವಸ್ಥೆ. ಇವೆರಡನ್ನೂ ಒಟ್ಟಿಗೆ ಇಟ್ಟುಕೊಂಡು ಒಂದು ಸಣ್ಣ ಸ್ಟುಡಿಯೋ ನಡೆಸಿದರೆ ಏನಾಗುತ್ತದೆ, ಅಷ್ಟು ಮಾತ್ರ ಹೇಳುತ್ತೇನೆ.

ನಮ್ಮದು ಮಂಗಳೂರಿನ ಮಲ್ಲಿಕಟ್ಟೆ ಹತ್ತಿರ ಮದುವೆ ಫೋಟೋ ಸ್ಟುಡಿಯೋ. ಹಿಂದಿನ ಕೋಣೆಯಲ್ಲಿ ಎರಡು ಹಳೆಯ ಕಂಪ್ಯೂಟರ್. ಒಂದರಲ್ಲಿ ಫೋಟೋಗಳ ಹಾರ್ಡ್ ಡಿಸ್ಕ್, ಇನ್ನೊಂದರಲ್ಲಿ ವೆಬ್ ಸರ್ವರ್. ಎರಡರಲ್ಲೂ ರೆಡ್ ಹ್ಯಾಟ್ ಜಾತಿಯ ಉಚಿತ ಲಿನಕ್ಸ್. ಗ್ರಾಹಕರು ಬ್ರೌಸರ್‌ನಲ್ಲಿ ಆಲ್ಬಮ್ ತೆರೆದು ಬೇಕಾದ ಫೋಟೋಗೆ ಟಿಕ್ ಹಾಕುತ್ತಾರೆ. ಮದುಮಗನ ಅಣ್ಣ ದುಬೈಯಲ್ಲಿ, ಮದುಮಗಳ ಅಕ್ಕ ಕುವೈತ್‌ನಲ್ಲಿ ಇರುವ ಊರು ಇದು. ಪೆನ್‌ಡ್ರೈವ್ ಕೊಟ್ಟು ಮುಗಿಸಲು ಆಗುವುದಿಲ್ಲ. ರೆಡಿ ಸಿಗುವ ನ್ಯಾಸ್ ಪೆಟ್ಟಿಗೆಯ (ನೆಟ್‌ವರ್ಕಿಗೆ ಜೋಡಿಸುವ ಡಿಸ್ಕ್ ಪೆಟ್ಟಿಗೆ) ದುಡ್ಡಲ್ಲಿ ನಮಗೆ ಒಂದು ಒಳ್ಳೆಯ ಲೆನ್ಸ್ ಬರುತ್ತದೆ. ಹಾಗಾಗಿ ಈ ದಾರಿ.

ಈಗ ಸಿಟ್ಟಿನ ಮಾತು. ಎಲ್ಲ ಜೋಡಿಸಿ, ಫೋಟೋ ಫೋಲ್ಡರನ್ನು ವೆಬ್ ಯಂತ್ರಕ್ಕೆ ಎನ್‌ಎಫ್‌ಎಸ್‌ನಲ್ಲಿ ಮೌಂಟ್ ಮಾಡಿ, ಅಂದರೆ ಅಲ್ಲಿಯದ್ದೇ ಫೋಲ್ಡರ್ ಎಂಬಂತೆ ಜೋಡಿಸಿ, ಬ್ರೌಸರ್ ತೆರೆದರೆ 'ಫರ್ಬಿಡನ್'. ಫೋಲ್ಡರಿನ ಅನುಮತಿ 755, ಅಂದರೆ ಯಾರು ಬೇಕಾದರೂ ಓದಬಹುದು. ಟರ್ಮಿನಲ್‌ನಲ್ಲಿ ನಾನು ತೆರೆದರೆ ಫೋಟೋ ಚೆಂದವಾಗಿ ತೆರೆಯುತ್ತದೆ. ಫೈರ್‌ವಾಲ್ ಸರಿ. ವೆಬ್ ಸರ್ವರ್ ಅಪಾಚೆಯ ಎರರ್ ಲಾಗ್ ನೋಡಿದರೆ, ದಾರಿಯಲ್ಲಿರುವ ಯಾವುದೋ ಫೋಲ್ಡರಿಗೆ ಹುಡುಕುವ ಅನುಮತಿ ಇಲ್ಲ ಎನ್ನುತ್ತದೆ. ಅನುಮತಿ ಕಣ್ಣೆದುರೇ ಉಂಟಲ್ಲ! ಸ್ಟುಡಿಯೋದ ಹುಡುಗ ಬಾಗಿಲಲ್ಲಿ ನಿಂತು ಕೇಳುತ್ತಿದ್ದ, "ಅಣ್ಣ, ದುಬೈಯಿಂದ ಮತ್ತೆ ಫೋನ್ ಬಂತು, ಎಂತ ಹೇಳುದು?"

ಕಾರಣ ಕೂತದ್ದು ಬೇರೆ ಕಡೆ, ಎಸ್‌ಇ ಲಿನಕ್ಸ್ ತಡೆದದ್ದನ್ನು ಬರೆದಿಡುವ ಆಡಿಟ್ ಲಾಗ್‌ನಲ್ಲಿ. ಅಲ್ಲಿ ಒಂದೇ ಉದ್ದ ಸಾಲು. ಕೇಳಿದವರು ಎಚ್‌ಟಿಟಿಪಿಡಿ_ಟಿ, ಅಂದರೆ ವೆಬ್ ಸರ್ವರ್. ಯಾವುದನ್ನು ಕೇಳಿದ್ದು ಅಂದರೆ ಎನ್‌ಎಫ್‌ಎಸ್_ಟಿ ಎಂಬ ಲೇಬಲ್ ಇರುವುದನ್ನು. ಉತ್ತರ, ಡಿನೈಡ್. ನೆಟ್‌ವರ್ಕಿನಿಂದ ಬರುವ ಫೋಲ್ಡರ್‌ನಲ್ಲಿ ಏನೇ ಇರಲಿ, ಆಲ್ಬಮ್ ಇರಲಿ, ಬಿಲ್ ಇರಲಿ, ಎಲ್ಲಕ್ಕೂ ಈ ಒಂದೇ ಲೇಬಲ್. ವೆಬ್ ಸರ್ವರ್ ಅದನ್ನು ಮುಟ್ಟುವ ಹಾಗಿಲ್ಲ. ಲೇಬಲ್ ಬದಲಿಸೋಣ ಅಂತ ಚ್‌ಕಾನ್ ಕೊಟ್ಟರೆ, 'ಆಪರೇಷನ್ ನಾಟ್ ಸಪೋರ್ಟೆಡ್'.

ನಮಗೆ ಗೊತ್ತಿದ್ದ ಒಬ್ಬರು ಹೇಳಿದರು, "ಎಸ್‌ಇ ಲಿನಕ್ಸ್ ಆಫ್ ಮಾಡಿ ಮಾರಾಯ್ರೇ, ಎಲ್ಲರೂ ಹಾಗೇ ಮಾಡುವುದು." ನಾನು ಒಪ್ಪಲಿಲ್ಲ. ಆ ಯಂತ್ರದಲ್ಲಿ ಇರುವುದು ಇನ್ನೊಬ್ಬರ ಮನೆಯ ಹೆಣ್ಣುಮಕ್ಕಳ ಮೆಹಂದಿ ಫೋಟೋ, ರೋಸ್ (ಕ್ರೈಸ್ತರ ಮದುವೆಗೆ ಮುಂಚಿನ ಶಾಸ್ತ್ರ) ಫೋಟೋ. ಹೊರಗಿನ ಇಂಟರ್ನೆಟ್ಟಿಗೆ ಮುಖ ಮಾಡಿ ನಿಂತ ಯಂತ್ರದ ಕಾವಲು ತೆಗೆದರೆ ಅವರಿಗೆ ನಾನು ಏನು ಉತ್ತರ ಕೊಡಲಿ?

ಎಲ್ಲ ಕಡೆ ಸಿಗುವ ಇನ್ನೊಂದು ಉಪಾಯ ಎಚ್‌ಟಿಟಿಪಿಡಿ_ಯೂಸ್_ಎನ್‌ಎಫ್‌ಎಸ್ ಎಂಬ ಸ್ವಿಚ್. ಸೆಟ್‌ಎಸ್‌ಇಬೂಲ್ ಕೊಟ್ಟು ಆನ್ ಮಾಡಿದರೆ ಆಲ್ಬಮ್ ತಕ್ಷಣ ತೆರೆಯುತ್ತದೆ. ಮಳೆಗಾಲದಲ್ಲಿ ಇಲ್ಲಿ ಕರೆಂಟ್ ಹೋಗಿ ಬರುವುದು ಜಾಸ್ತಿ, ಹಾಗಾಗಿ ದೊಡ್ಡ 'ಪಿ' ಸೇರಿಸಿಯೇ ಕೊಡಬೇಕು. ಇಲ್ಲದಿದ್ದರೆ ಯಂತ್ರ ಮತ್ತೆ ಶುರುವಾದಾಗ ಸ್ವಿಚ್ ಹಳೆಯ ಜಾಗಕ್ಕೆ ಹೋಗಿರುತ್ತದೆ. ಆದರೆ ನನ್ನ ತಕರಾರು ಬೇರೆ. ಈ ಸ್ವಿಚ್ ಹಾಕಿದರೆ ಆ ಲೇಬಲ್ ಇರುವ ಎಲ್ಲ ಎನ್‌ಎಫ್‌ಎಸ್ ಫೋಲ್ಡರೂ ವೆಬ್ ಸರ್ವರಿಗೆ ತೆರೆದುಕೊಳ್ಳುತ್ತದೆ, ಓದುವುದಕ್ಕೆ ಮಾತ್ರ ಅಲ್ಲ, ಬರೆಯುವುದಕ್ಕೂ. ಚಾವಡಿಗೆ ಬರಬೇಕಾದವರ ಕೈಗೆ ಇಡೀ ಮನೆಯ ಬೀಗದ ಗೊಂಚಲು ಕೊಟ್ಟ ಹಾಗೆ. ಬಿಲ್ ಮತ್ತು ಬ್ಯಾಕಪ್ ಫೋಲ್ಡರ್ ಕೂಡ ಅದೇ ಯಂತ್ರದಲ್ಲಿ ಮೌಂಟ್ ಆಗಿರುವ ನಮ್ಮಂಥವರಿಗೆ ಇದು ಬೇಡವೇ ಬೇಡ.

ಆಟಿ ತಿಂಗಳಲ್ಲಿ ನಮ್ಮ ಕಡೆ ಮದುವೆ ಇಲ್ಲ. ಸ್ಟುಡಿಯೋ ಖಾಲಿ. ಆಗ ಕೂತು ಮ್ಯಾನ್ ಪೇಜ್‌ಗಳನ್ನು, ಅಂದರೆ ಲಿನಕ್ಸ್‌ನ ಕೈಪಿಡಿಯನ್ನು, ಸಾವಕಾಶವಾಗಿ ಓದಿದೆ. ಅಲ್ಲಿಂದ ನನ್ನ ಸಿಟ್ಟು ಇಳಿಯಲು ಶುರುವಾಯಿತು.

ಎನ್‌ಎಫ್‌ಎಸ್‌ನ ಮೂರನೇ ಆವೃತ್ತಿ 1995ರದ್ದು. ಎಸ್‌ಇ ಲಿನಕ್ಸ್ ಹೊರಬಂದದ್ದೇ 2000ದ ಕೊನೆಗೆ. ಲೇಬಲ್ ಸಾಗಿಸಲು ಆ ಹಳೆಯ ಎನ್‌ಎಫ್‌ಎಸ್‌ನಲ್ಲಿ ಜಾಗವೇ ಇಲ್ಲ, ಹಾಗಾಗಿ ಬಂದದ್ದಕ್ಕೆಲ್ಲ ಈ ಕಡೆಯ ಯಂತ್ರವೇ ಒಂದು ಲೇಬಲ್ ಅಂಟಿಸುತ್ತದೆ. ಫೈಲಿನ ನಿಜವಾದ ಲೇಬಲ್ ಸಾಗಿಸುವ ವ್ಯವಸ್ಥೆ ಬಂದದ್ದು ಎನ್‌ಎಫ್‌ಎಸ್ 4.2ರಲ್ಲಿ. ಲಿನಕ್ಸ್‌ನ ತಿರುಳಾದ ಕರ್ನಲ್‌ಗೆ ಅದು 2013ರಲ್ಲಿ, ಕರ್ನಲ್ 3.11ರ ಜೊತೆಗೇ ಬಂತು. ಮೊದಲಿಗೆ ಸರ್ವರ್ ಆ ಲೇಬಲ್‌ಗಳನ್ನು ಕೇಳದೆಯೇ ಕಳಿಸುತ್ತಿತ್ತು. 4.2ಕ್ಕೆ ಬದಲಾದ ಕೂಡಲೇ ನಿನ್ನೆವರೆಗೆ ಒಂದೇ ಲೇಬಲ್ ಕಾಣುತ್ತಿದ್ದ ಕಡೆ ಇವತ್ತು ಬೇರೆ ಬೇರೆ. ಎರಡು ಯಂತ್ರಗಳ ಪಾಲಿಸಿ (ಲೇಬಲ್‌ಗಳ ನಿಯಮಾವಳಿ) ಬೇರೆಯಾದರೆ ಇದರ ಲೇಬಲ್ ಅದಕ್ಕೆ ಅರ್ಥವೇ ಆಗುವುದಿಲ್ಲ. ಹಾಗಾಗಿ 2017ರಲ್ಲಿ ಇದನ್ನು ತಿರುಗಿಸಿದರು. ಈಗ ಯಾವ ಫೋಲ್ಡರ್ ಹಂಚಬೇಕು ಅಂತ ಹೇಳುವ ಸರ್ವರಿನ ಎಕ್ಸ್‌ಪೋರ್ಟ್ಸ್ ಫೈಲ್‌ನಲ್ಲಿ 'ಸೆಕ್ಯುರಿಟಿ_ಲೇಬಲ್' ಅಂತ ನಾವಾಗಿ ಬರೆದರೆ ಮಾತ್ರ ಲೇಬಲ್ ಹೊರಡುತ್ತದೆ.

ಬರೆಯಬಹುದಿತ್ತು. ನಾನು ಬರೆಯಲಿಲ್ಲ, ಅದಕ್ಕೆ ಕಾರಣ ನಮ್ಮ ಹುಡುಗರ ಕೆಲಸದ ರೀತಿ. ಅವರು ಕ್ಯಾಮೆರಾ ಕಾರ್ಡಿನಿಂದ ಫೋಟೋಗಳನ್ನು ಮೊದಲು ತಮ್ಮ ಹೋಮ್ ಫೋಲ್ಡರಿಗೆ ಇಳಿಸುತ್ತಾರೆ. ಮಸುಕಾದದ್ದು, ಕಣ್ಣು ಮುಚ್ಚಿದ್ದು ತೆಗೆದು ಹಾಕಿ, ಉಳಿದದ್ದನ್ನು 'ಧಾರೆ', 'ರೋಸ್', 'ಮೆಹಂದಿ' ಅಂತ ವಿಂಗಡಿಸಿ ಆಲ್ಬಮ್ ಜಾಗಕ್ಕೆ ತಳ್ಳುತ್ತಾರೆ. ಒಬ್ಬ ಕಾಪಿ ಮಾಡುತ್ತಾನೆ, ಇನ್ನೊಬ್ಬ ಮೂವ್. ಕಾಪಿ ಮಾಡಿದರೆ ಫೈಲಿಗೆ ಹೊಸ ಫೋಲ್ಡರಿನ ಲೇಬಲ್ ಬರುತ್ತದೆ. ಮೂವ್ ಮಾಡಿದರೆ ಹೋಮ್ ಫೋಲ್ಡರಿನ ಹಳೆಯ ಲೇಬಲ್ ಅಂಟಿಕೊಂಡೇ ಬರುತ್ತದೆ. ಫೈಲಿನ ಲೇಬಲ್ ಹಾಗೇ ಸಾಗಿ ಬರುವ ಹಾಗಿದ್ದರೆ ಧಾರೆಯ ಫೋಟೋ ಕಾಣಿಸಿ ಮೆಹಂದಿಯದ್ದು ಕಾಣಿಸದ ಪರಿಸ್ಥಿತಿ ಬರುತ್ತಿತ್ತು. ಒಂದೇ ಲೇಬಲ್ ಇರುವಾಗ ಆ ತಲೆನೋವೇ ಇಲ್ಲ. ಹೇಗೆ ಬಂದರೂ ವೆಬ್ ಯಂತ್ರಕ್ಕೆ ಎಲ್ಲವೂ ಒಂದೇ. ನನಗೆ ಸಿಟ್ಟು ತರಿಸಿದ ಸಂಗತಿಯೇ ನಮ್ಮ ಕೆಲಸಕ್ಕೆ ಸರಿ ಹೊಂದುವಂಥದ್ದು.

ಬೇಕಾದದ್ದು ಇಷ್ಟೇ, ಆ ಒಂದು ಲೇಬಲ್ ಯಾವುದು ಅಂತ ನಾವು ಹೇಳುವುದು. ವೆಬ್ ಯಂತ್ರದಲ್ಲಿ ಮೌಂಟ್‌ಗಳ ಪಟ್ಟಿ ಇರುವ ಎಫ್‌ಎಸ್‌ಟ್ಯಾಬ್‌ ಫೈಲ್‌ನಲ್ಲಿ 'ಕಾಂಟೆಕ್ಸ್ಟ್' ಅಂತ ಕೊಟ್ಟು, ಆಲ್ಬಮ್ ಫೋಲ್ಡರಿಗೆ ಎಚ್‌ಟಿಟಿಪಿಡಿ_ಸಿಸ್_ಕಂಟೆಂಟ್_ಟಿ ಹಾಕಿದೆ. ವೆಬ್ ಸರ್ವರ್ ಅದನ್ನು ಓದುತ್ತದೆ, ತಿದ್ದುವುದಿಲ್ಲ. ಬಿಲ್ ಫೋಲ್ಡರಿನ ಸುದ್ದಿಗೆ ಹೋಗುವುದಿಲ್ಲ. ಯಾವ ಸ್ವಿಚ್ಚೂ ಬೇಡ.

ಒಂದು ಕಡೆ ಮಾತ್ರ ಇದು ಇವತ್ತಿಗೂ ಕಾಡುತ್ತದೆ. ಗ್ರಾಹಕರು ಟಿಕ್ ಹಾಕಿದ ಪಟ್ಟಿ ಉಳಿಸಲು ವೆಬ್ ಸರ್ವರ್ ಬರೆಯಬಲ್ಲ ಇನ್ನೊಂದು ಫೋಲ್ಡರ್ ಬೇಕಲ್ಲ? ಅದೂ ಅದೇ ಡಿಸ್ಕಿನಲ್ಲಿ ಉಂಟು. ಅದನ್ನು ಬೇರೆ ಲೇಬಲ್ ಕೊಟ್ಟು ಮೌಂಟ್ ಮಾಡಲು ಹೋದರೆ, ಮೌಂಟ್ ಆಯ್ಕೆ ತಪ್ಪಾಗಿದೆ ಅಂತ ಹೇಳಿ ನಿಂತುಬಿಡುತ್ತದೆ. ಕರ್ನಲ್ ಲಾಗ್‌ನಲ್ಲಿ ಹುಡುಕಿದರೆ ನಿಜ ಸಿಗುತ್ತದೆ. ಒಂದೇ ಸರ್ವರಿನ ಒಂದೇ ಫೈಲ್ ಸಿಸ್ಟಮ್‌ನಿಂದ ಬಂದ ಎರಡು ಮೌಂಟ್‌ಗಳನ್ನು ಎನ್‌ಎಫ್‌ಎಸ್ ಒಳಗೊಳಗೆ ಒಂದೇ ಎಂದು ಹಿಡಿಯುತ್ತದೆ. ಒಂದಕ್ಕೆ ಎರಡು ಲೇಬಲ್ ಹೇಗೆ ಹಾಕುವುದು? 'ನೋಶೇರ್‌ಕ್ಯಾಶ್' ಎಂಬ ಮೌಂಟ್ ಆಯ್ಕೆ ಸೇರಿಸಿದರೆ ಎರಡೂ ಬೇರೆಯಾಗಿ ಕೂರುತ್ತವೆ. ಆದರೆ ಎರಡು ಮೌಂಟ್‌ನಲ್ಲೂ ಒಂದೇ ಫೈಲ್ ಕಾಣುವ ಹಾಗೆ ಇಡಬಾರದು. ಇಟ್ಟರೆ ಒಂದು ಕಡೆ ಹೊಸದು, ಇನ್ನೊಂದು ಕಡೆ ಹಳೆಯದು ಕಾಣುವ ಅಪಾಯ ಉಂಟು. ನಾನು ಎರಡು ಫೋಲ್ಡರನ್ನೂ ಅಕ್ಕಪಕ್ಕ ಇಟ್ಟಿದ್ದೇನೆ, ಒಂದರೊಳಗೆ ಒಂದು ಇಟ್ಟಿಲ್ಲ.

ಬೆಳಿಗ್ಗೆ ಶಟರ್ ಎತ್ತಿ, ಯುಪಿಎಸ್‌ನ ಹಸಿರು ದೀಪ ನೋಡಿ, ಚಾ ಬರುವುದರೊಳಗೆ ನಾನು ಎರಡು ಕೆಲಸ ಮಾಡುತ್ತೇನೆ. ಎಲ್‌ಎಸ್ ಜೊತೆ ದೊಡ್ಡ 'ಝಡ್' ಕೊಟ್ಟು ಎರಡು ಫೋಲ್ಡರಿನ ಲೇಬಲ್ ನೋಡುವುದು ಒಂದು. ರಾತ್ರಿ ಕರೆಂಟ್ ಹೋಗಿ ಮೌಂಟ್ ಬಿಟ್ಟಿದ್ದರೆ ಅಲ್ಲೇ ಗೊತ್ತಾಗುತ್ತದೆ. ಆಮೇಲೆ ಆಡಿಟ್ ಲಾಗ್ ಹುಡುಕುವ ಆಸರ್ಚ್ ಓಡಿಸಿ ಇವತ್ತಿನ ತಡೆಗಳನ್ನು ಕೇಳುವುದು. 'ನೋ ಮ್ಯಾಚಸ್' ಅಂತ ಬಂದರೆ ಖುಷಿ. ಚಾದ ಲೋಟ ಹಿಡಿದು ಆ ಎರಡು ಶಬ್ದ ನೋಡುವುದು ನನಗೆ ನಿಜಕ್ಕೂ ಇಷ್ಟ.

ಸಣ್ಣ ಅಂಗಡಿ ನಡೆಸುವವರಿಗೆ ನಾನು ಹೇಳುವುದು, ಒಂದೇ ಲೇಬಲ್ ಎಂಬ ಡೀಫಾಲ್ಟನ್ನು ಹಾಗೇ ಬಿಡಿ, ಕಾಂಟೆಕ್ಸ್ಟ್ ಕೊಟ್ಟು ಮೌಂಟ್ ಮಾಡಿ. ಸರ್ವರ್, ಕ್ಲೈಂಟ್ ಎಲ್ಲವನ್ನೂ ಒಂದೇ ಪಾಲಿಸಿಯಲ್ಲಿ ಇಟ್ಟುಕೊಳ್ಳಬಲ್ಲ ದೊಡ್ಡ ಕಚೇರಿಯವರು 'ಸೆಕ್ಯುರಿಟಿ_ಲೇಬಲ್' ಬಗ್ಗೆ ಯೋಚಿಸಬಹುದು. ಈ ಜೋಡಿಗೆ ಐದರಲ್ಲಿ ನಾಲ್ಕು ಸ್ಟಾರ್ ಕೊಡುತ್ತೇನೆ. ಒಂದನ್ನು ಕಡಿಮೆ ಮಾಡಿದ್ದು ಆ ದಾರಿ ತಪ್ಪಿಸುವ ಎರರ್ ಸಾಲಿಗೆ. ತಡೆದದ್ದು ಲೇಬಲ್ ಅಂತ ಅಲ್ಲೇ ಒಂದು ಮಾತು ಹೇಳಿದ್ದರೆ, ಎಷ್ಟೋ ಜನ ಎಸ್‌ಇ ಲಿನಕ್ಸನ್ನು ಸುಮ್ನೆ ಆಫ್ ಮಾಡುತ್ತಿರಲಿಲ್ಲ, ಅಲ್ವಾ?