ಸಂಶೋಧನೆಯನ್ನು ಜನರಿಗೆ ಮುಟ್ಟಿಸಲು: ಪತ್ರಿಕೆ ಲೇಖನವೋ, ಗ್ರಾಮಸಭೆಯೋ?

ಮೀಸಲಾತಿಯಿಂದ ಮಹಿಳೆ ಮುಖ್ಯಸ್ಥೆಯಾದ ಪಂಚಾಯಿತಿಗಳು ಕುಡಿಯುವ ನೀರಿಗೆ ಹೆಚ್ಚು ಒತ್ತು ಕೊಟ್ಟವು ಎಂದು ಪಶ್ಚಿಮ ಬಂಗಾಳದ ಬೀರ್‌ಭೂಮ್, ರಾಜಸ್ಥಾನದ ಉದಯಪುರ ಜಿಲ್ಲೆಗಳ ಅಧ್ಯಯನ 2004ರಲ್ಲಿ ತೋರಿಸಿತು. ಇಂಥದ್ದನ್ನು ಜನರಿಗೆ ಹೇಳುವುದು ಹೇಗೆ?

ಪತ್ರಿಕೆ ಲೇಖನ ಒಂದೇ ಬೆಳಗ್ಗೆ ಸಾವಿರಾರು ಮನೆ ಸೇರುತ್ತದೆ, ಅಧಿಕಾರಿಗಳ ಕಣ್ಣಿಗೂ ಬೀಳುತ್ತದೆ. ಆದರೆ ಜಾಗ ಸಾಲದಾಗ ಮೊದಲು ಕತ್ತರಿ ಬೀಳುವುದು ‘ಹೇಗೆ ಅಳೆದರು’ ಎಂಬ ಭಾಗಕ್ಕೇ. ಮೀಸಲು ಪಂಚಾಯಿತಿಗಳನ್ನು ಚೀಟಿ ಎತ್ತಿದ ಹಾಗೆ ಆರಿಸಿದ್ದರು, ಅದಕ್ಕೇ ಮೀಸಲಲ್ಲದ ಪಂಚಾಯಿತಿಗಳ ಜೊತೆಗಿನ ಹೋಲಿಕೆ ನ್ಯಾಯವಾಯಿತು. ಆ ಒಂದು ಸಾಲು ಬಿಟ್ಟರೆ ಅಧ್ಯಯನದ ಜೀವವೇ ಹೋದಂತೆ.

ಗ್ರಾಮಸಭೆಯಲ್ಲಿ ಕೇಳುವವರು ಕಡಿಮೆ. ಆದರೆ ಹಿಂದಿನ ಸಾಲಿನಿಂದ ಒಬ್ಬರು ಎದ್ದು, “ನಮ್ಮೂರ ಬೋರ್‌ವೆಲ್ ಕೆಟ್ಟಾಗ ಯಾರು ಓಡಾಡಿದ್ದು?” ಎಂದು ಕೇಳಬಲ್ಲರು, ಬಿಟ್ಟ ಸಾಲನ್ನು ಅಲ್ಲೇ ವಿವರಿಸಬಹುದು. ಕರ್ನಾಟಕದ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಮೀಸಲು. ಈ ಫಲಿತಾಂಶ ಅವರದೇ ಕೆಲಸದ ಮಾತು. ಒಂದಕ್ಕಷ್ಟೇ ಬಿಡುವಿದ್ದರೆ ನಾನು ಸಭೆಗೇ ಹೋಗುತ್ತೇನೆ.