ಮಕರದ ಬಾಯಿ ಚೆಂದ, ಹೂಳಿನ ತೊಟ್ಟಿ ಸಾಲದು: ತೋಟದ ಕಲ್ಲುಕೊಳದ ಕೆಲಸ ಹೇಗಿದೆ?

‘ಬೌದ್ಧ ವಿಹಾರದ ಮಾದರಿ’ ಅಂತ ಹೇಳಿ ಕೊಡಗಿನ ತೋಟ, ಹೋಂಸ್ಟೇಗಳಿಗೆ ಕಲ್ಲುಕೊಳ ಕಟ್ಟಿಕೊಡುವ ತಂಡವೊಂದರ ಕೆಲಸ ಇದು. ನೋಡಿದ್ದು ಸೋಮವಾರಪೇಟೆ ಕಡೆಯ ಕಾಫಿ ತೋಟದಲ್ಲಿ. 40 ಅಡಿ ಉದ್ದ, 20 ಅಡಿ ಅಗಲ, 8 ಅಡಿ ಆಳ. ಮೆಟ್ಟಿಲಿನ ಜಾಗ ಕಳೆದರೆ ಸುಮಾರು 1.5 ಲಕ್ಷ ಲೀಟರ್. ಐದಕ್ಕೆ ಮೂರು ಅಂಕ. ಕಲ್ಲುಕೆಲಸಕ್ಕೆ ಮಾತ್ರವಾದರೆ ನಾಲ್ಕೂವರೆ.

ಮಾದರಿ ಎಂದರೆ ಶ್ರೀಲಂಕಾದ ಅನುರಾಧಪುರದಲ್ಲಿ ಅಭಯಗಿರಿ ವಿಹಾರಕ್ಕೆ ಸೇರಿದ ಕುಟ್ಟಂ ಪೊಕುಣ, ಜೋಡಿಕೊಳ. ದೊಡ್ಡದು ಸುಮಾರು 40 ಮೀಟರ್ ಉದ್ದ, ಚಿಕ್ಕದು 28. ಅಲ್ಲಿ ನೀರು ಮೊದಲು ಹೂಳು ಇಳಿಸುವ ತೊಟ್ಟಿ ದಾಟಬೇಕು, ಆಮೇಲೆ ಮಕರದ ಬಾಯಿಂದ ಚಿಕ್ಕ ಕೊಳಕ್ಕೆ, ಅಲ್ಲಿಂದ ನೆಲದಡಿಯ ಕೊಳವೆಯಲ್ಲಿ ದೊಡ್ಡದಕ್ಕೆ. ಫೋಟೋದಲ್ಲಿ ಎಲ್ಲರಿಗೂ ಕಾಣುವುದು ಮಕರ ಮತ್ತು ಐದು ಹೆಡೆಯ ನಾಗ. ಈ ತಂಡಕ್ಕೂ ಅಷ್ಟೇ ಕಂಡಿದೆ.

ಇಲ್ಲಿನ ಹೂಳಿನ ತೊಟ್ಟಿ ಒಂದೇ: 4 ಅಡಿ ಉದ್ದ, 3 ಅಡಿ ಅಗಲ, 3 ಅಡಿ ಆಳ. ಹಿಡಿಯುವುದು ಸಾವಿರ ಲೀಟರ್. ಜೋರು ಮಳೆಯಲ್ಲಿ ಸೆಕೆಂಡಿಗೆ 10 ಲೀಟರ್ ಬಂದರೂ ನೀರು ಅಲ್ಲಿ ನಿಲ್ಲುವುದು 100 ಸೆಕೆಂಡ್. ಅಷ್ಟರಲ್ಲಿ ಮರಳು ಕೂರುತ್ತದೆ, ನಮ್ಮ ಕೆಂಪು ನಯಮಣ್ಣು ಕೂರುವುದಿಲ್ಲ. ಆಳ ಹೆಚ್ಚಿಸಿ ಕೊಡುತ್ತೇವೆ ಅಂದರೆ ಒಪ್ಪಬೇಡಿ. ಮಣ್ಣು ಇಳಿಯುವುದನ್ನು ನಿರ್ಧರಿಸುವುದು ತೊಟ್ಟಿಯ ಮೇಲ್ಮೈ ವಿಸ್ತೀರ್ಣ, ಆಳದಿಂದ ಸಿಗುವುದು ಹೂಳು ತುಂಬಲು ಜಾಗ ಅಷ್ಟೇ. ಮೂರು ತೊಟ್ಟಿ ಸಾಲಾಗಿ ಬೇಕು, ಮಧ್ಯದ ಗೋಡೆಯ ಮೇಲಿಂದ ನೀರು ತೆಳುವಾಗಿ ಹರಡಿ ಇಳಿಯಬೇಕು. ಈಗಿನದರಲ್ಲಿ ಪೈಪು ನೇರ ತಳಕ್ಕೆ ಸುರಿಯುತ್ತದೆ, ಕೂತ ಹೂಳೂ ಕದಡುತ್ತದೆ. ಎಷ್ಟು ತೊಟ್ಟಿ ಕಟ್ಟಿದರೂ ಅತಿ ನಯವಾದ ಮಣ್ಣು ನಿಲ್ಲದು. ಅದಕ್ಕೆ ನೀರು ತರುವ ತೋಡಿನ ಬಾಯಲ್ಲೇ ಹಲಗೆ ಇಟ್ಟು ಕೆಸರುನೀರನ್ನು ಹೊರಗೆ ತಿರುಗಿಸುವ ದಾರಿ ಬೇಕು. ಈ ತಂಡ ಅದನ್ನು ಬಿಟ್ಟೇಬಿಟ್ಟಿದೆ. ಜಾಲರಿಗೆ ಸಿಲ್ವರ್ ಓಕ್ ಎಲೆ ಮೆತ್ತಿಕೊಳ್ಳುವುದಂತೂ ಇದ್ದದ್ದೇ, ಮಳೆಗಾಲದಲ್ಲಿ ದಿನಾ ಕೈ ಹಾಕಬೇಕು.

ಕಲ್ಲುಕೆಲಸ ನಿಜಕ್ಕೂ ಚೆನ್ನಾಗಿದೆ. ಸೈಜುಗಲ್ಲು ಒಂದರ ಸಂದಿನ ಮೇಲೆ ಇನ್ನೊಂದರ ಮಧ್ಯ ಬಂದಿದೆ, ಮೂಲೆಗಳಲ್ಲಿ ಕಲ್ಲು ಒಂದನ್ನೊಂದು ಕಚ್ಚಿಕೊಂಡಿದೆ, ಗೋಡೆ ಮಣ್ಣಿನ ಕಡೆಗೆ ಸ್ವಲ್ಪ ಓರೆಯಾಗಿದೆ. ತಳಕ್ಕೆ ಜೇಡಿಮಣ್ಣು ಆರಾರು ಇಂಚಿನ ಎರಡು ಪದರ, ಪ್ರತಿ ಪದರಕ್ಕೂ ದಮ್ಮಸು. ಎರಡಡಿ ಅಗಲದ ಕೋಡಿಯೂ ಸಾಕು.

ಆದರೆ ಸಂದುಗಳಿಗೆಲ್ಲ ಸಿಮೆಂಟು ತುಂಬಿ ಗೋಡೆಯ ಹಿಂದಿನ ನೀರಿಗೆ ದಾರಿಯೇ ಇಟ್ಟಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಕುಡಿದು ಕೂತ ಮಣ್ಣು ಅದು. ಕೊಳ ತುಂಬಿರುವಾಗ ಒಳನೀರು ಗೋಡೆಯನ್ನು ಒತ್ತಿ ಹಿಡಿದಿರುತ್ತದೆ. ತೂಬು ತೆಗೆದು ಒಂದೇ ದಿನ ಖಾಲಿ ಮಾಡಿದರೆ ಹಿಂದಿನ ನೀರು ಗೋಡೆಯನ್ನು ಒಳಕ್ಕೆ ತಳ್ಳುತ್ತದೆ. ಗೋಡೆಗೆ ತೂತು ಕೊರೆದರೆ ಬೇಸಿಗೆಯಲ್ಲಿ ಕೊಳವೇ ಸೋರುತ್ತದೆ. ಸರಿಯಾದ ದಾರಿ: ಗೋಡೆಯ ಹಿಂದೆ 9 ಇಂಚು ಜಲ್ಲಿ, ಬುಡದಲ್ಲಿ ತೂತಿನ ಪೈಪು, ಅದರ ಬಾಯಿ ಇಳಿಜಾರಿನ ಕೆಳಗೆ. ‘ಕಾನ್ಹೇರಿಯಲ್ಲಿ ಇದೆಲ್ಲ ಇಲ್ಲವಲ್ಲ’ ಎನ್ನುವುದು ಅವರ ಉತ್ತರ. ಮುಂಬೈನ ಆ ಬೌದ್ಧ ಗುಹೆಗಳ ನೀರಿನ ತೊಟ್ಟಿಗಳು ಬಂಡೆಯಲ್ಲೇ ಕೊರೆದವು, ಕುಸಿಯಲು ಅಲ್ಲಿ ಗೋಡೆ ಎಲ್ಲಿದೆ?

ತೂಬಿನ ಪೈಪು ತಳಕ್ಕಿಂತ ಒಂದಡಿ ಮೇಲಿದೆ. ಹೂಳು ತೊಳೆದು ಬಿಡಲು ಅದು ಪ್ರಯೋಜನವಿಲ್ಲ, ತಳದ ಮಟ್ಟದಲ್ಲಿ ಇನ್ನೊಂದು ಕೇಳಿ ಹಾಕಿಸಿ.

ಮಾರ್ಚಿನಲ್ಲಿ ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಹಾಕಲು ಇದನ್ನೇ ನಂಬಬೇಡಿ. ಎಕರೆಗೆ ಒಂದು ಇಂಚು ನೀರೆಂದರೆ ಒಂದು ಲಕ್ಷ ಲೀಟರಿಗೂ ಮೇಲೆ. ಇದು ಒಂದೂವರೆ ಎಕರೆಯೊಳಗೇ ಮುಗಿಯುತ್ತದೆ. ನರ್ಸರಿಗೆ, ಹೋಂಸ್ಟೇ ಗಿಡಗಳಿಗೆ ಸರಿ.

ಕೊನೇ ಕಂತನ್ನು ಅಕ್ಟೋಬರ್ ತನಕ ಹಿಡಿದಿಡಿ. ಮಳೆ ನಿಂತ ಮೇಲೆ ಗೋಡೆಯ ತಲೆಯ ಮುಂದೆ, ಕಲ್ಲಿಗೆ ತಾಗದಂತೆ ದಾರ ಎಳೆದು ಕಟ್ಟಿ, ದಿನಕ್ಕೆ ಒಂದಡಿಯಂತೆ ನೀರು ಇಳಿಸುತ್ತಾ ಬನ್ನಿ. ಕಲ್ಲು ದಾರವನ್ನು ಮುಟ್ಟಿತೋ, ಅಲ್ಲಿಗೆ ನಿಲ್ಲಿಸಿ ಅವರನ್ನು ಕರೆಸಿ.